ಸಹಾಯ ಬೇಕು: ಗಣಿತಕ್ಕೆ ರಿವಿಷನ್ ಹೇಗೆ ಮಾಡಿಸೋದು?

ಎಲ್ಲರಿಗೂ ನಮಸ್ಕಾರ. ತಂಗಿಗೆ ಪರೀಕ್ಷೆ ಹತ್ತಿರ ಬರುತ್ತಿದೆ, ಓದಿಸುವ ಕೆಲಸ ನನ್ನ ತಲೆಗೆ ಬಂದಿದೆ. ಅವಳು ಓದಲ್ಲ ಅಂತಲ್ಲ, ಜಾಸ್ತಿನೇ ಓದುತ್ತಾಳೆ. ಆದರೆ ಅದೇ ಪುಟ ಮತ್ತೆ ಮತ್ತೆ ನೋಡಿ ಸಾಲುಗಳಿಗೆ ಹಳದಿ ಬಣ್ಣ ಬಳಿಯುವುದೇ ಓದು, ಈಗಂತೂ ಬಣ್ಣ ಇಲ್ಲದ ಸಾಲು ಹುಡುಕಬೇಕು. ಪುಸ್ತಕ ಮುಚ್ಚಿ, ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕ ಎಲ್ಲಿಂದ ಬರುತ್ತೆ ಅಂತ ಕೇಳಿದರೆ ಕಾರ್ಬನ್ ಡೈಆಕ್ಸೈಡ್‌ನಿಂದ ಅಂತಾಳೆ. ನೀರಿನಿಂದ ಅಂತ ಅವಳೇ ಬಣ್ಣ ಹಚ್ಚಿದ ಸಾಲಿನಲ್ಲಿದೆ!

ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ ಮರೆತುಹೋಗುತ್ತೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರಲ್ವಾ, ಅದಕ್ಕೇ ಈಗ ಪುಸ್ತಕ ಮುಚ್ಚಿ ನೆನಪಿನಿಂದ ಬರೆಸುತ್ತಿದ್ದೇನೆ, ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ವಿಜ್ಞಾನಕ್ಕೆ ಸರಿಹೋಗುತ್ತಿದೆ. ಗಣಿತಕ್ಕೆ? ಮಾಡಿದ ಲೆಕ್ಕವನ್ನೇ ಕೊಟ್ಟರೆ ಉತ್ತರ ಬಾಯಿಪಾಠ ಆಗಿರುತ್ತೆ, ಬೇರೆ ಬೇರೆ ಅಧ್ಯಾಯದ ಲೆಕ್ಕ ಬೆರೆಸಿ ಕೊಟ್ಟರೆ ಯಾವ ಸೂತ್ರ ಹಾಕಬೇಕು ಅಂತಲೇ ಗೊತ್ತಾಗದೆ ಅಳುಮೋರೆ. ಬೆರೆಸಿ ಕೊಡುವುದೇ ಸರಿ ಅಂತ ನನಗೂ ಅನಿಸುತ್ತೆ, ಆದರೆ ಯಾವ ಹಂತದಲ್ಲಿ?

ಇನ್ನೊಂದು, ಹೊಸ ಪಾಠಕ್ಕೆ ಎಷ್ಟು ಸಮಯ, ಹಳೆಯದಕ್ಕೆ ಎಷ್ಟು? ಹಳೆ ಪ್ರಶ್ನೆಪತ್ರಿಕೆ ಯಾವಾಗ ಶುರು ಮಾಡಿಸುತ್ತೀರಿ? ಪಾಠ ಹೇಳಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಬೆಳಗಿನ ಜಾವ ಎಬ್ಬಿಸಿ ಅಂತ ಮಾತ್ರ ಹೇಳಬೇಡಿ, ನಿದ್ದೆಗೆಟ್ಟರೆ ಓದಿದ್ದೂ ತಲೆಯಲ್ಲಿ ನಿಲ್ಲಲ್ಲ.