ಮನೆಯಲ್ಲಿ ಕೊಡವ ತಕ್ಕ್ ಆಡಿದರೆ ಇಂಗ್ಲಿಷ್ ಕೆಡುತ್ತದೆಯೇ?

ನಾಪೋಕ್ಲು ನಿವಾಸಿ: ಮನೆಯಲ್ಲಿ ಕೊಡಗಿನ ಭಾಷೆಗಳಾದ ಕೊಡವ ತಕ್ಕಾಗಲಿ ಅರೆಭಾಷೆಯಾಗಲಿ ಆಡಬೇಡಿ, ಮಕ್ಕಳ ಇಂಗ್ಲಿಷ್ ಕೆಡುತ್ತದೆ ಎಂದು ಇಲ್ಲಿನ ಖಾಸಗಿ ಶಾಲೆಯೊಂದರ ಪೋಷಕರ ಸಭೆಯಲ್ಲಿ ಶಿಕ್ಷಕಿಯೊಬ್ಬರು ಅಪ್ಪಣೆ ಕೊಡಿಸಿದರು. ಕೊಡವ ಮನೆಗಳಲ್ಲೇ ಹುಟ್ಟಿದ ಕಾರ್ಯಪ್ಪ, ತಿಮ್ಮಯ್ಯನವರು ಸೇನೆಯನ್ನೇ ಮುನ್ನಡೆಸಲಿಲ್ಲವೇ? 2001ರ ಜನಗಣತಿಯಲ್ಲಿ 1,66,187 ಇದ್ದ ಕೊಡವ ಭಾಷಿಕರು 2011ರಲ್ಲಿ 1,13,857ಕ್ಕೆ ಇಳಿಯಲು ಇಂಥ ಉಪದೇಶಗಳೇ ಕಾರಣ.

ಕುಶಾಲನಗರದ ವಕೀಲ: ತಿಮ್ಮಯ್ಯನವರ ಹೆಸರು ನಿಮಗೇ ತಿರುಗುಬಾಣವಾಗುತ್ತದೆ. ಅವರನ್ನು ಎಳವೆಯಲ್ಲೇ ಕೂನೂರಿನ ಶಾಲೆಗೂ ಬಳಿಕ ಬೆಂಗಳೂರಿನ ಬಿಷಪ್ ಕಾಟನ್‌ಗೂ ಕಳುಹಿಸಲಾಗಿತ್ತು. ಇಂಗ್ಲಿಷ್ ಕಲಿಸಿದ್ದು ವಸತಿ ಶಾಲೆಯೇ ಹೊರತು ಕೊಡವರ ಪೂರ್ವಿಕರ ಮನೆಯಾದ ಐನ್‌ಮನೆಯಲ್ಲ.

ನಾಪೋಕ್ಲು ನಿವಾಸಿ: ಕಾರ್ಯಪ್ಪನವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದ್ದನ್ನು ಜಾಣತನದಿಂದ ಮರೆತಿದ್ದೀರಿ.

‘ಅಂಕಿಅಂಶ’ ಎಂಬ ಹೆಸರಿನಲ್ಲಿ ಬರೆಯುವವರು: ‘ಇಳಿಯಲು’ ಎಂದಿರಲ್ಲ, 1991ರ ಅಂಕಿಯನ್ನು ಏಕೆ ನುಂಗಿದಿರಿ? ಆಗ ದೇಶದಾದ್ಯಂತ ಕೊಡವ ಭಾಷಿಕರೆಂದು ದಾಖಲಾದವರು 97,011. ಅದಕ್ಕೆ ಹೋಲಿಸಿದರೆ 2011ರದ್ದು ಏರಿಕೆ.

ನಾಪೋಕ್ಲು ನಿವಾಸಿ: ಹಾಗಾದರೆ ಹತ್ತೇ ವರ್ಷಗಳಲ್ಲಿ ಅರವತ್ತೊಂಬತ್ತು ಸಾವಿರ ಮಂದಿ ಆಕಾಶದಿಂದ ಉದುರಿದರೇ? 1991ರ ಎಣಿಕೆಯಲ್ಲೇ ದೋಷವಿದೆ.

ಅಂಕಿಅಂಶ: ನಿಮಗೆ ಒಗ್ಗದ ಜನಗಣತಿಯಲ್ಲಿ ದೋಷ, ಒಗ್ಗಿದ್ದು ವೇದವಾಕ್ಯ! ಬರೆಸುವವರ ಮನಸ್ಸು ಬದಲಾದರೂ ಅಂಕಿ ಬದಲಾಗುತ್ತದೆ ಎಂಬಷ್ಟು ಸಾಮಾನ್ಯ ಜ್ಞಾನ ಬೇಡವೇ?

ಭಾಗಮಂಡಲದ ಅರೆಭಾಷಿಗ: ‘ಬರೆಸುವವರ ಮನಸ್ಸು’ ಎಂಬ ಮಾತು ನಮಗೇ ಹೆಚ್ಚು ಅನ್ವಯಿಸುತ್ತದೆ. 2011ರಲ್ಲಿ ಅರೆಭಾಷೆಗೆ ಅಕಾಡೆಮಿ ಬಂದಿದ್ದರೂ ಗಣತಿದಾರರು ಮನೆಗೆ ಬಂದಾಗ ಕನ್ನಡ ಎಂದೇ ಬರೆಸುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನೀವಿಬ್ಬರೂ ಕೊಡವರ ಲೆಕ್ಕವನ್ನಷ್ಟೇ ಜಿಲ್ಲೆಯ ಲೆಕ್ಕವೆಂದು ಭಾವಿಸಿದಂತಿದೆ.

ನಾಪೋಕ್ಲು ನಿವಾಸಿ: ನಾನು ಹಾಗೆ ಎಲ್ಲಿ ಹೇಳಿದೆ? ಮೊದಲ ಸಾಲಿನಲ್ಲೇ ಅರೆಭಾಷೆಯ ಹೆಸರಿದೆ, ಕಣ್ಣು ಬಿಟ್ಟು ಓದಿ.

ತಿತಿಮತಿಯ ಶಿಕ್ಷಕಿ: ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನನಗೆ ಈ ಲೆಕ್ಕದ ಜಗಳ ವ್ಯರ್ಥವೆನಿಸುತ್ತದೆ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಯರವ ಬುಡಕಟ್ಟಿನ ಮಗುವಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಮೂರನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪಾಠವನ್ನು ತಡವರಿಸದೆ ಗಟ್ಟಿಯಾಗಿ ಓದುತ್ತಾಳೆ; ‘ವೇರ್ ಈಸ್ ಯುವರ್ ಬ್ಯಾಗ್’ ಎಂದು ಕೇಳಿದರೆ ಮಾತ್ರ ಪಕ್ಕದವಳ ಮುಖ ನೋಡುತ್ತಾಳೆ. ಯರವ ಭಾಷೆಯಲ್ಲಿ ಅರ್ಥ ಹೇಳಬಲ್ಲವರು ಶಾಲೆಯಲ್ಲಿ ಒಬ್ಬರೂ ಇಲ್ಲ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಕ್ಕಳೇ ತರಗತಿಯಲ್ಲಿ ಇರುವುದಿಲ್ಲ. ಹೀಗಿರುವಾಗ ಮನೆಮಾತನ್ನು ದೂರಿ ಏನು ಪ್ರಯೋಜನ?

ಬೆಳೆಗಾರ: ‘ಕಾಫಿ ಕೊಯ್ಲಿನ ತಿಂಗಳುಗಳಲ್ಲಿ’ ಎಂದು ಬೆಳೆಗಾರರ ಮೇಲೆ ಗೂಬೆ ಕೂರಿಸಬೇಡಿ. ಮಕ್ಕಳನ್ನು ತೋಟಕ್ಕೆ ಕರೆತರುವವರು ಅವರ ಹೆತ್ತವರು, ನಾವಲ್ಲ.

ತಿತಿಮತಿಯ ಶಿಕ್ಷಕಿ: ಮಗುವನ್ನು ಬಿಟ್ಟು ಬರಲು ನಿಮ್ಮ ಲೈನ್ ಮನೆಯ ಬಳಿ ಅಂಗನವಾಡಿ ಇದೆಯೇ, ಅದನ್ನು ಹೇಳಿ.

ಕುಶಾಲನಗರದ ವಕೀಲ: ಅಂಗನವಾಡಿ ವಿಷಯಾಂತರ. ಶಿಕ್ಷಣ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ, ಆಯ್ಕೆ ಪೋಷಕರದ್ದು.

ನಾಪೋಕ್ಲು ನಿವಾಸಿ: ತೀರ್ಪು ಶಾಲೆಯ ಮಾಧ್ಯಮದ ಕುರಿತದ್ದು, ನನ್ನ ಅಡುಗೆಮನೆಯ ಕುರಿತದ್ದಲ್ಲ.

ಅಂಕಿಅಂಶ: 97,011ಕ್ಕೆ ಇನ್ನೂ ಉತ್ತರ ಬಂದಿಲ್ಲ.