ಅವಳಿ ಮಕ್ಕಳು, ರಾತ್ರಿ ಸಹಾಯಕ್ಕೆ ಒಬ್ಬರು ಬೇಕು. ಹಾಲು ಸಾಲುತ್ತಾ?

ತಿಪಟೂರಿನ ಬಾಣಂತಿ:
ನನಗೆ ಅವಳಿ ಹೆಣ್ಣು ಮಕ್ಕಳು. ಇವತ್ತಿಗೆ 17 ದಿನ. 35 ವಾರಕ್ಕೇ ಸಿಸೇರಿಯನ್ ಆಯಿತು. ಹುಟ್ಟಿದಾಗ ದೊಡ್ಡವಳು 2.2 ಕೆಜಿ, ಚಿಕ್ಕವಳು 1.9. ತವರುಮನೆಯಲ್ಲಿದ್ದೇನೆ. ಬೆಳಗ್ಗೆ ಎರೆಯುವ ಅಜ್ಜಿ ಬರುತ್ತಾರೆ, ಹಗಲು ಹೇಗೋ ಕಳೆಯುತ್ತದೆ. ರಾತ್ರಿಯೇ ಕಷ್ಟ. ಅಮ್ಮನಿಗೆ ಮಂಡಿನೋವು, ಶುಗರ್ ಬೇರೆ. ನಮ್ಮವರು ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಒಬ್ಬಳಿಗೆ ಕುಡಿಸಿ ತೇಗು ಬರಿಸುವಷ್ಟರಲ್ಲಿ ಇನ್ನೊಬ್ಬಳು ಏಳುತ್ತಾಳೆ. ನಿನ್ನೆ ರಾತ್ರಿ ಚಿಕ್ಕವಳು ಎದೆಯಲ್ಲಿರುವಾಗಲೇ ತೂಕಡಿಸಿಬಿಟ್ಟೆ. ಎಚ್ಚರವಾದಾಗ ಅವಳ ಮುಖದ ಮೇಲೆ ನನ್ನ ಶಾಲು ಬಿದ್ದಿತ್ತು. ಆಮೇಲೆ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ.

ಪಕ್ಕದ ಬೀದಿಯ ಅಕ್ಕ ಒಬ್ಬರು ರಾತ್ರಿ ಬರಲು ಒಪ್ಪಿದ್ದಾರೆ. "ಡಬ್ಬಿ ಹಾಲು ತರಿಸಿಡು, ನಾನೇ ಕುಡಿಸುತ್ತೇನೆ, ನೀನು ಮಲಗು" ಅನ್ನುತ್ತಾರೆ. ನೋಡಲು ಬಂದವರೆಲ್ಲ ಇಬ್ಬರಿಗೆ ನಿನ್ನ ಹಾಲು ಎಲ್ಲಿ ಸಾಲುತ್ತದೆ ಅಂತ ಕೇಳಿ ಹೋಗುತ್ತಾರೆ. ನಿಜವಾಗಿಯೂ ಸಾಲುವುದಿಲ್ವಾ?

ಶಿವಮೊಗ್ಗದಿಂದ, ಅವಳಿ ಗಂಡುಮಕ್ಕಳ ತಾಯಿ:
ಆ ಅಕ್ಕನನ್ನು ಇವತ್ತೇ ಕರೆಸಿಕೊಳ್ಳಿ. ಆದರೆ ಕುಡಿಸುವುದನ್ನು ನೀವೇ ಇಟ್ಟುಕೊಂಡು ಉಳಿದದ್ದೆಲ್ಲ ಅವರಿಗೆ ಬಿಡಿ. ನಾನು ಹತ್ತು ರಾತ್ರಿ ಡಬ್ಬಿ ಹಾಲು ಕೊಡಿಸಿ ಮಲಗಿದೆ. ಮೊದಲು ಹಾಲು ಕಟ್ಟಿಕೊಂಡು ಎದೆ ಕಲ್ಲಿನಂತಾಯಿತು, ಜ್ವರ ಬಂತು. ಆಮೇಲೆ ಹಾಲೇ ಕಡಿಮೆಯಾಯಿತು. ಮಗು ಕುಡಿದು ಖಾಲಿ ಮಾಡಿದಷ್ಟೂ ಹಾಲು ಹೆಚ್ಚು ಬರುತ್ತದೆ. ರಾತ್ರಿ ಹೊತ್ತು ಕುಡಿಸುವುದು ಅದಕ್ಕೆ ಇನ್ನೂ ಒಳ್ಳೆಯದು.

ಆಮೇಲೆ ಚಿಕ್ಕಮ್ಮ ಬಂದರು. ಗೋಡೆಗೆ ಒರಗಿ ಕೂರುತ್ತಿದ್ದೆ. ಎರಡೂ ಪಕ್ಕೆಗೆ ಎರಡೆರಡು ದಿಂಬು. ಮಗುವಿನ ಕಾಲು ನನ್ನ ಕಂಕುಳ ಕೆಳಗಿಂದ ಹಿಂದಕ್ಕೆ, ತಲೆ ನನ್ನ ಅಂಗೈಯಲ್ಲಿ. ಹೀಗೆ ಹಿಡಿದರೆ ಹೊಲಿಗೆಗೆ ಭಾರ ಬೀಳುವುದಿಲ್ಲ. ಮೊದಲು ಒಬ್ಬ ಸರಿಯಾಗಿ ಬಾಯಿ ಹಾಕಿ ಗುಟುಕು ಶುರು ಮಾಡಬೇಕು, ಆಮೇಲೆ ಚಿಕ್ಕಮ್ಮ ಇನ್ನೊಬ್ಬನನ್ನು ಕೊಡುತ್ತಿದ್ದರು. ಮೊದಲ ದಿನ ಮುಕ್ಕಾಲು ಗಂಟೆ ಒದ್ದಾಡಿದೆವು, ನಾನು ಅತ್ತೂ ಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಅರ್ಧ ಗಂಟೆಗೆ ಇಬ್ಬರದೂ ಮುಗಿಯುತ್ತಿತ್ತು. ತೇಗು, ಲಂಗೋಟಿ, ತೊಟ್ಟಿಲು ಎಲ್ಲ ಚಿಕ್ಕಮ್ಮನದು. ನಾನು ಹಾಗೇ ಮಲಗುತ್ತಿದ್ದೆ. ಇವತ್ತು ಎಡಗಡೆ ಕುಡಿದವನಿಗೆ ನಾಳೆ ಬಲಗಡೆ.

ನೀವು ಕುಡಿಸುವಾಗ ಅಕ್ಕ ಎಚ್ಚರವಾಗಿರಲೇಬೇಕು. ಇದನ್ನು ಮೊದಲೇ ಹೇಳಿಬಿಡಿ.

ಹೆರಿಗೆ ವಾರ್ಡಿನ ನರ್ಸ್:
ಸಾಲುತ್ತದೋ ಇಲ್ಲವೋ ಅಂತ ನೆಂಟರನ್ನು ಕೇಳಬೇಡಿ ತಾಯಿ, ತಕ್ಕಡಿ ಹೇಳುತ್ತದೆ. ಎರಡು ವಾರದ ಹೊತ್ತಿಗೆ ಮಗು ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು, ಆಮೇಲೆ ದಿನಕ್ಕೆ 20-30 ಗ್ರಾಂ ಏರಬೇಕು. ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಮಾಡಬಾರದು. 21ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರಲ್ವಾ, ಇಬ್ಬರನ್ನೂ ತೂಗಿಸಿ.

35 ವಾರದ ಮಕ್ಕಳಿಗೆ ನಿದ್ದೆ ಜಾಸ್ತಿ. ಅಳಲಿ ಅಂತ ಕಾಯಬೇಡಿ, ಎರಡು ಎರಡೂವರೆ ಗಂಟೆಗೊಮ್ಮೆ ಎಬ್ಬಿಸಿ ಕುಡಿಸಿ. ಚಿಕ್ಕವಳು ಬೇಗ ಸುಸ್ತಾದರೆ ಕೈಯಲ್ಲಿ ಹಿಂಡಿ ತೆಗೆದ ಹಾಲನ್ನು ಒಳಲೆಯಲ್ಲಿ ಕೊಡಿ. ಒಳಲೆ ಕುದಿಸಿರಬೇಕು. ತೂಕ ಏರದೆ ಡಾಕ್ಟರು ಡಬ್ಬಿ ಹಾಲು ಬರೆದುಕೊಟ್ಟರೆ ಅವರು ಹೇಳಿದ ಅಳತೆಯಲ್ಲಿ ಕೊಡಿ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮಗು ಕುಡಿಯುವುದನ್ನೇ ಬಿಟ್ಟರೆ, ಮೈ ತಣ್ಣಗಾದರೆ, ಅಂಗಾಲು ಹಳದಿಯಾದರೆ ಬೆಳಗಾಗಲಿ ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ದಾವಣಗೆರೆಯ ಒಬ್ಬ ಅಪ್ಪ:
ಶನಿವಾರ ರಾತ್ರಿ ಮಕ್ಕಳನ್ನು ಯಜಮಾನರಿಗೆ ಒಪ್ಪಿಸಿ. ಕುಡಿದಾದ ಮೇಲೆ ನಾನು ಅಂಗಿ ಬಿಚ್ಚಿ ಮಗಳನ್ನು ಎದೆಗವಚಿಕೊಂಡು, ಮೇಲೆ ಪಂಚೆ ಹೊದ್ದು ಕೂರುತ್ತಿದ್ದೆ. ಐದು ನಿಮಿಷಕ್ಕೆ ಉಸಿರು ನಿಧಾನವಾಗುತ್ತಿತ್ತು. ಎದ್ದು ಕೂರಲು ಅಪ್ಪನಿಗೂ ಬರುತ್ತದೆ.

ತಿಪಟೂರಿನ ಬಾಣಂತಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಬರಲು ಶುರು ಮಾಡಿ ನಾಲ್ಕು ರಾತ್ರಿಯಾಯಿತು. ಇಬ್ಬರನ್ನೂ ಒಟ್ಟಿಗೆ ಹಿಡಿಯುವುದು ಇನ್ನೂ ಪೂರ್ತಿ ಬಂದಿಲ್ಲ, ಚಿಕ್ಕವಳು ಜಾರುತ್ತಾಳೆ. ಆದರೆ ನಿನ್ನೆ ಒಂದೇ ಸಮನೆ ಎರಡು ಗಂಟೆ ಮಲಗಿದೆ. ಇವತ್ತು ಆಶಾ ಅಕ್ಕ ತೂಗಿದರು. ದೊಡ್ಡವಳು 2.4, ಚಿಕ್ಕವಳು 2.05. ಅಮ್ಮ ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ.