ಸ್ಕ್ರೀನ್‌ನಿಂದ ಧ್ವನಿಗೆ: ವಿನ್ಯಾಸದ ಕೆಲಸ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ, ಮಡಿಕೇರಿಯಿಂದ: ಇಷ್ಟು ವರ್ಷ ಮೊಬೈಲ್ ಆ್ಯಪ್‌ಗಳ ಸ್ಕ್ರೀನ್ ವಿನ್ಯಾಸ ಮಾಡಿಕೊಂಡು ಬಂದವಳು ನಾನು. ಈಗ ಕಾಫಿ ಬೆಳೆಗಾರರ ಮಳೆ ಲೆಕ್ಕ, ಆಳುಗಳ ಹಾಜರಿ ಬರೆದಿಡುವ ಎಐ ಧ್ವನಿ ಸಹಾಯಕ ಮಾಡಬೇಕು. ಬಟನ್ನೇ ಇಲ್ಲದ ಕಡೆ ಏನನ್ನು ವಿನ್ಯಾಸ ಮಾಡಲಿ? ಅನುಭವ ಇರುವವರು ಹೇಳಿ.

ಪೊನ್ನಂಪೇಟೆಯಿಂದ: ಮೊದಲೇ ಕೋಡ್ ಬರೆಸಬೇಡಿ. ‘ವಿಝಾರ್ಡ್ ಆಫ್ ಆಜ್’ ಅನ್ನೋ ಹಳೇ ವಿಧಾನ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತೆ. ಯಂತ್ರದ ಬದಲು ಮರೆಯಲ್ಲಿ ಮನುಷ್ಯನೇ ಕೂತು ಉತ್ತರ ಕೊಡೋದು. ನಾವು ಪಕ್ಕದ ಕೋಣೆಯಿಂದ ಫೋನಲ್ಲಿ ಬೆಳೆಗಾರರ ಜೊತೆ ಸಹಾಯಕನ ಹಾಗೆ ಮಾತಾಡಿದ್ವಿ. ‘ಇಂದಿನ ಮಳೆ ದಾಖಲಿಸು’ ಅಂತ ಯಾರೂ ಅನ್ನಲಿಲ್ಲ. ‘ರಾತ್ರಿ ಮನೆ ಹತ್ರ ಅರವತ್ತು ಸೆಂಟ್ ಬಿತ್ತು, ಕೆಳಗಿನ ತೋಟಕ್ಕೆ ಹನಿಯೂ ಇಲ್ಲ’ ಅಂದ್ರು (ನೂರು ಸೆಂಟ್ ಅಂದ್ರೆ ಒಂದು ಇಂಚು ಮಳೆ). ಒಂದೇ ಉಸಿರಲ್ಲಿ ಎರಡು ದಾಖಲೆ! ಫಾರ್ಮ್ ತುಂಬಿಸೋ ಯೋಚನೆ ಅಲ್ಲಿಗೇ ಬಿಟ್ಟೆವು. (ಮಾತಾಡಿದ್ದು ಮನುಷ್ಯ ಅಂತ ಕೊನೆಗೆ ಅವರಿಗೆ ಹೇಳಲೇಬೇಕು.)

ಶೀಟಿನ ಮೇಲೆ ಮಳೆ ಹೊಡೀತಿದ್ರೆ ಯಂತ್ರಕ್ಕೆ ಅರವತ್ತು ಎಂಬತ್ತಾಗಿ ಕೇಳಬಹುದು. ಕಾಫಿ ಹೂ ಅರಳಿಸೋ ಹೂಮಳೆ ಹೊತ್ತಲ್ಲಿ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ತೀರ್ಮಾನ ಆಗೋದೇ ಆ ಅಂಕಿ ಮೇಲೆ. ಅದಕ್ಕೇ ಪ್ರತಿ ಅಂಕಿಯನ್ನೂ ವಾಪಸ್ ಹೇಳಿಸಿ. ‘ಅಲ್ಲ, ಅರವತ್ತು’ ಅಂದ್ರೆ ಅದೊಂದೇ ತಿದ್ದಬೇಕು. ಮತ್ತೆ ಮೊದಲಿಂದ ಕೇಳಿದ್ರೆ ಯಾರೂ ಎರಡನೇ ಸಲ ಬಳಸಲ್ಲ.

ಸೋಮವಾರಪೇಟೆಯಿಂದ: ಮೇಲಿನ ಮಾತು ಪೂರ್ತಿ ಒಪ್ಪುತ್ತೇನೆ. ಮೈಕ್ರೋಸಾಫ್ಟ್ ಸಂಶೋಧಕರು 2019ರಲ್ಲಿ ಪ್ರಕಟಿಸಿದ 18 ಮಾರ್ಗಸೂತ್ರಗಳಲ್ಲಿ ಎಐ ತಪ್ಪಿದಾಗ ಏನಾಗಬೇಕು ಅನ್ನೋದಕ್ಕೇ ಒಂದು ಭಾಗ ಇದೆ, ಓದಿ. ನಾನೀಗ ಫ್ಲೋಚಾರ್ಟ್‌ಗಿಂತ ಮುಂಚೆ ಮಾದರಿ ಸಂಭಾಷಣೆ ಬರೀತೀನಿ, ಅದರಲ್ಲೂ ಎಡವೋ ಸಂಭಾಷಣೆ ಮೊದಲು.

ಸಿದ್ದಾಪುರದಿಂದ: ಎಲ್ಲದಕ್ಕೂ ಧ್ವನಿಯೇ ಬೇಕಾ ಅಂತಲೂ ಕೇಳಿಕೊಳ್ಳಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆ ಹತ್ತಿರ ಇದೆ ಅಂತ ತಿಳಿಸೋಕೆ ಕೆಂಪು ದೀಪ ಮಿನುಗಿಸ್ತಾರೆ, ಮೊಬೈಲ್‌ನಿಂದಲೇ ಹೊತ್ತಿಸೋದು. ದೂರದಿಂದ ನೋಡಿದ್ರೇ ಗೊತ್ತಾಗುತ್ತೆ, ಫೋನ್ ತೆಗೆಯೋದೇ ಬೇಡ. ಹಾಜರಿ ವಿಷಯದಲ್ಲಂತೂ ಹುಷಾರು. ಯಾರು ಎಷ್ಟು ಮುಂಗಡ ತಗೊಂಡಿದ್ದಾರೆ ಅಂತ ಕಣದಲ್ಲಿ ಎಲ್ಲರ ಮುಂದೆ ಫೋನ್ ಜೋರಾಗಿ ಓದಿದ್ರೆ ಆ ಮನುಷ್ಯನ ಮರ್ಯಾದೆ ಏನಾಗಬೇಕು? ಅದು ಸ್ಕ್ರೀನಲ್ಲೇ ಇರಲಿ.

ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡೋದು ನಿಮಗೂ ಗೊತ್ತು. ಆಗ ಸಹಾಯಕ ‘ಧ್ವನಿ ಉಳಿಸಿಕೊಂಡಿದ್ದೇನೆ, ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ’ ಅಂತ ಸ್ಪಷ್ಟವಾಗಿ ಹೇಳಲಿ. ಬರೀ ‘ಸರಿ’ ಅಂದ್ರೆ ಬೆಳೆಗಾರರು ಪುಸ್ತಕದಲ್ಲಿ ಬರೆದುಕೊಳ್ಳೋದನ್ನೂ ಬಿಟ್ಟುಬಿಡ್ತಾರೆ.